ನೆರಳಿನ ಕಥೆಯಿಂದ ಮತ್ತಾಯ 18ರವರೆಗೆ: ನನ್ನ ಅನುಭವ

ಕಲ್ಪಿತ ಕಥೆಗಳ ಮೂಲಕ ಸಂಡೇ ಸ್ಕೂಲ್ ಮಕ್ಕಳಿಗೆ ವಿಶ್ವಾಸದ ಪಾಠ ಕಲಿಸುತ್ತೇನೆಂದಾಗ, ಸತ್ಯವೇದ (ಬೈಬಲ್) ಇರುವಾಗ ಕಟ್ಟುಕಥೆಯೇಕೆ ಎಂದು ಸಭೆಯ ಹಿರಿಯರು ಕೇಳಿದರು. ಮರಗಳು ತಮಗೊಬ್ಬ ಅರಸನನ್ನು ಹುಡುಕಿಕೊಂಡು ಹೊರಟ ಕಥೆಯನ್ನು ಸತ್ಯವೇದದ ನ್ಯಾಯಸ್ಥಾಪಕರು ಪುಸ್ತಕದ 9ನೇ ಅಧ್ಯಾಯದಲ್ಲಿ ಯೋತಾಮನೆಂಬವನೇ ಹೇಳಿದ್ದಾನೆಂದು ತೋರಿಸಿದರೂ ಅವರು ಒಪ್ಪಲಿಲ್ಲ. ಒಪ್ಪಿದ್ದು ಸುಮಾರು ಮೂರು ವರ್ಷಗಳ ನಂತರ, ಮಕ್ಕಳ ಬಾಯಿಂದಲೇ ಕೇಳಿದ ಮೇಲೆ.

ಮೊದಲ ವರ್ಷ ಪೂರ್ತಿ ಸೋಲು. ಕಥೆಯಲ್ಲಿ ರಾಜಕುಮಾರ ಕಾಣಿಸಿಕೊಂಡ ಎರಡೇ ನಿಮಿಷಕ್ಕೆ ಮಕ್ಕಳು "ಇವನೇ ಯೇಸು" ಎಂದುಬಿಟ್ಟು, ಮುಂದೆ ಕೇಳುವುದನ್ನೇ ನಿಲ್ಲಿಸುತ್ತಿದ್ದರು. ತರಗತಿಯ ವರ್ಷದ ಹಣದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಣ್ಣದ ಚಿತ್ರಪಟಗಳಿಗೆ ಸುರಿದೆ. ಅವರಿಗೆ ಚಿತ್ರ ನೆನಪುಳಿಯಿತು, ಕಥೆ ಉಳಿಯಲಿಲ್ಲ. ಆ ಖರ್ಚು ಇಂದಿಗೂ ನನ್ನನ್ನು ಚುಚ್ಚುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಒಬ್ಬ ಹುಡುಗಿಯ ಪ್ರಶ್ನೆ: "ಯೇಸು ಸತ್ತು ಎದ್ದ ಪುನರುತ್ಥಾನವನ್ನೂ ನೀವೇ ಕಟ್ಟಿದಿರಾ?" ಅಂದಿನಿಂದ ಕಥೆಗೆ ಒಂದು ಜಾಗ, ವಾಕ್ಯ ಓದುವುದಕ್ಕೆ ಇನ್ನೊಂದು ಜಾಗ, ನಡುವೆ ಒಂದು ವಾರದ ಅಂತರ ಇಟ್ಟೆ.

ಕೈಹಿಡಿದದ್ದು ನೆರಳಿನ ಕಥೆ. ಒಂದು ದೇಶದಲ್ಲಿ ತಪ್ಪು ಮಾಡಿದಷ್ಟೂ ಮನುಷ್ಯನ ನೆರಳು ಉದ್ದವಾಗಿ, ಭಾರವಾಗಿ, ಎಳೆದುಕೊಂಡೇ ನಡೆಯಬೇಕಾಗುತ್ತದೆ. ಹರಿದಾರಿ ಉದ್ದದ ನೆರಳಿನ ಹುಡುಗನೊಬ್ಬ ದೋಣಿ ಹತ್ತಿದಾಗ, ಅಂಬಿಗನು ಆ ನೆರಳನ್ನು ತಾನು ಹೊತ್ತು ನದಿಯಲ್ಲಿ ಮುಳುಗುತ್ತಾನೆ. ದಡ ಸೇರಿದ ಹುಡುಗ, ಗೆಳೆಯನ ಗೇಣುದ್ದದ ನೆರಳು ಕಾಲಿಗೆ ತಾಗಿತೆಂದು ಅವನ ಮೇಲೆ ಕೈಯೆತ್ತುತ್ತಾನೆ. ಅಲ್ಲಿಗೇ ನಿಲ್ಲಿಸಿದೆ, ಅರ್ಥ ಹೇಳಲಿಲ್ಲ. ಮಕ್ಕಳನ್ನು ಮನೆಗೆ ಕಳುಹಿಸುವ ಮುನ್ನ ನಾನು ಕೇಳುವ ಒಂದು ಪ್ರಶ್ನೆಯಿದೆ. ಬಹಳ ಕಷ್ಟಪಟ್ಟು ಕಂಡುಕೊಂಡ ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಭಾನುವಾರ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಓದಿದೆವು. ಆ ಕಾಲದ ಹಣದಲ್ಲಿ ಒಂದು ತಲಾಂತು ಸುಮಾರು 6,000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ ಎಂದು ಹಿಂದೆಲ್ಲ ಹಲಗೆಯ ಮೇಲೆ ಲೆಕ್ಕ ಬರೆದು ಸೋತಿದ್ದೆ. ಈ ಸಲ ಅರಸನಿಂದ 10,000 ತಲಾಂತಿನ ಸಾಲ ಮನ್ನಾ ಆದ ಸೇವಕನು 100 ದಿನಾರಿಗಾಗಿ ಜೊತೆಯಾಳಿನ ಕುತ್ತಿಗೆ ಹಿಡಿದನೆಂದು ಓದುತ್ತಿದ್ದಂತೆ, "ಅಯ್ಯೋ, ಇವನ ನೆರಳನ್ನು ಆಗಲೇ ತೆಗೆದಾಗಿತ್ತಲ್ಲ!" ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೂಗಿದ. ಹದಿನೆಂಟು ಮಕ್ಕಳಲ್ಲಿ ಹನ್ನೆರಡು ಮಂದಿಯಾದರೂ ತಾವಾಗಿಯೇ ಆ ನಂಟನ್ನು ಕಂಡುಕೊಂಡರು. ವಿವರಿಸದೆ ಇಷ್ಟು ತಲುಪಿಸಿದೆನೆಂಬ ಹೆಮ್ಮೆ ನನಗಿದೆ.

ಆಮೇಲೆ ಪ್ರಯೋಗಕ್ಕೆಂದು ಕಥೆಯನ್ನು ಮುಗಿಸುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ಏಳೆಂಟು ಮಂದಿ ಅಂಬಿಗನನ್ನು ನದಿಯಿಂದ ಎಬ್ಬಿಸಿ ತಂದಿದ್ದರು. ಅವನು ಬಂದನು, ಆದರೆ ನೆರಳು ನೀರಿನಲ್ಲಿಯೇ ಉಳಿಯಿತು ಎಂದು ಬರೆದವಳು, ಅಂದು ಪುನರುತ್ಥಾನದ ಬಗ್ಗೆ ಕೇಳಿದ ಅದೇ ಹುಡುಗಿ. ಆ ಸಾಲನ್ನು ನನ್ನ ಕಥೆಗೆ ಸೇರಿಸಿಕೊಂಡಿಲ್ಲ. ಹೊಸದಾಗಿ ಬರುವ ಮಕ್ಕಳು ಅದನ್ನು ತಾವೇ ಕಾಣಲಿ ಎಂದು ಕಾಯುತ್ತಿದ್ದೇನೆ.