ಎಂಒಟಿ ಪಾಸ್ ಆದ ಮಾತ್ರಕ್ಕೆ ಗಾಡಿ ಗಟ್ಟಿ ಅಂತಲ್ಲ

ಪೆರ್ಲದ ಮನೆಯ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದೆ. ಇಂಗ್ಲೆಂಡಿನ ಲೆಸ್ಟರ್‌ನಿಂದ ಅಣ್ಣನ ಮಗಳ ಫೋನ್ ಬಂತು. ಅವಳು ಅಲ್ಲಿ ನರ್ಸ್. ಚಿಕ್ಕ ಮಕ್ಕಳಿಬ್ಬರು, ಊರಿನಿಂದ ಅತ್ತೆ ಮಾವ ಬರುವವರಿದ್ದಾರೆ. ಏಳು ಸೀಟಿನ ಹಳೆಯ ಎಸ್‌ಯುವಿ ಒಂದನ್ನು ನೋಡಿಟ್ಟಿದ್ದಳು. "ಅಪ್ಪಚ್ಚಿ, ಮೊನ್ನೆಯಷ್ಟೇ ಎಂಒಟಿ ಪಾಸ್ ಆಗಿದೆಯಂತೆ. ಒಂದು ವರ್ಷ ಯೋಚನೆಯೇ ಇಲ್ಲ ಅಂತಾರೆ. ತಗೊಳ್ಳಲಾ?" ಅಂತ ಕೇಳಿದಳು. ಎಂಒಟಿ ಅಂದರೆ ಅಲ್ಲಿ ಕಾರುಗಳಿಗೆ ವರ್ಷ ವರ್ಷ ಆಗಬೇಕಾದ ಕಡ್ಡಾಯ ಪರೀಕ್ಷೆ. ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದವನು ನಾನು. ಇದೇ ಮಾತು ನಂಬಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಅಲ್ಲಿರುವ ನಮ್ಮ ಊರಿನ ಉಳಿದವರಿಗೂ ಬರೆಯುತ್ತಿದ್ದೇನೆ.

ನಮ್ಮ ಕಾಸರಗೋಡಿನ ಕಡೆಯವರು ಈ ಮಾತನ್ನು ಬೇಗ ನಂಬುತ್ತೇವೆ. ಊರಲ್ಲಿ ಸ್ವಂತ ಕಾರಿಗೆ ವರ್ಷ ವರ್ಷ ಪರೀಕ್ಷೆ ಅಂತ ಇಲ್ಲ. ಹೊಗೆ ಟೆಸ್ಟ್ ಮಾಡಿಸುತ್ತೇವೆ. 15 ವರ್ಷ ತುಂಬಿದ ಮೇಲೆ ರಿಜಿಸ್ಟ್ರೇಷನ್ ಮುಂದುವರಿಸಲು ಗಾಡಿ ತೋರಿಸುತ್ತೇವೆ. ಮಂಗಳೂರಿನಿಂದ ಕೆಎ-19 ಕಾರು ತಂದು ಕೆಎಲ್-14 ಮಾಡುವಾಗ ಎನ್‌ಒಸಿ, ತೆರಿಗೆ ಅಂತ ಓಡಾಡುತ್ತೇವೆ. ಆದರೆ ಗಾಡಿ ಒಳ್ಳೆಯದೋ ಅಲ್ಲವೋ ಅಂತ ಹೇಳುವುದು ಯಾವ ಕಾಗದವೂ ಅಲ್ಲ, ಬದಿಯಡ್ಕದ ಗುರುತಿನ ಮೆಕ್ಯಾನಿಕ್. ಆ ಮೆಕ್ಯಾನಿಕ್ ಇಲ್ಲದ ದೇಶಕ್ಕೆ ಹೋದಾಗ, ಸರ್ಕಾರದ ಹೆಸರಿರುವ ಕಾಗದವನ್ನೇ ಮೆಕ್ಯಾನಿಕ್ ಅಂದುಕೊಳ್ಳುತ್ತೇವೆ.

ಎಂಒಟಿ ಹಾಗಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕಾರಿಗೆ 3 ವರ್ಷ ಆದ ಮೇಲೆ ಪ್ರತಿ ವರ್ಷ ಈ ಪರೀಕ್ಷೆ ಆಗಲೇಬೇಕು. ಉತ್ತರ ಐರ್ಲೆಂಡಿನಲ್ಲಿ ಮೊದಲ ಪರೀಕ್ಷೆ 4 ವರ್ಷಕ್ಕೆ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಟೈರ್, ಲೈಟು, ಸೀಟ್ ಬೆಲ್ಟ್, ಹೊಗೆ, ಚಾಸಿಯ ತುಕ್ಕು ಇವೆಲ್ಲ ನೋಡುತ್ತಾರೆ. ಟೈರಿನ ಗ್ರಿಪ್ 1.6 ಮಿಲಿಮೀಟರ್ ಇದ್ದರೆ ಸಾಕು, ಪಾಸ್. ಅಂದರೆ ಅವತ್ತಿನ ದಿನ ಕನಿಷ್ಠ ಮಟ್ಟ ದಾಟಿದೆ ಅಂತ ಅರ್ಥ. ಮರುದಿನದ ಬಗ್ಗೆ ಆ ಕಾಗದ ಏನೂ ಹೇಳುವುದಿಲ್ಲ.

ಇನ್ನೂ ಮುಖ್ಯ ವಿಷಯ ಅದು ನೋಡದೇ ಇರುವುದು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಯಾವ ಸ್ಥಿತಿಯಲ್ಲಿವೆ ಅನ್ನುವುದು ಎಂಒಟಿಯ ಲೆಕ್ಕಕ್ಕೇ ಬರುವುದಿಲ್ಲ. ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದಾರಾ ಅಂತಲೂ ಗೊತ್ತಾಗುವುದಿಲ್ಲ. ಟೆಸ್ಟರ್ ಯಾವ ಭಾಗವನ್ನೂ ಬಿಚ್ಚಿ ನೋಡುವಂತಿಲ್ಲ. ಅಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದರ ಹಿಂದಿನ ತುಕ್ಕು ಅಲ್ಲೇ ಉಳಿಯುತ್ತದೆ. ನಾನು ತೆಗೆದುಕೊಂಡ ಡೀಸೆಲ್ ಗಾಡಿಗೂ ಹೊಸ ಎಂಒಟಿ ಇತ್ತು. ಆರನೇ ವಾರ ಕ್ಲಚ್ ಹೋಯಿತು. ಸಾವಿರ ಪೌಂಡಿಗೂ ಜಾಸ್ತಿ ಬಿಲ್. ಎಂಒಟಿ ಸುಳ್ಳು ಹೇಳಿರಲಿಲ್ಲ. ಅದು ನೋಡದ ಜಾಗದ ಬಗ್ಗೆ ನಾನೇ ಕೇಳಿರಲಿಲ್ಲ.

ಹಾಗಾದರೆ ಎಂಒಟಿ ಪ್ರಯೋಜನಕ್ಕಿಲ್ಲವಾ? ಖಂಡಿತ ಇದೆ. ಈ ವರ್ಷದ ಪಾಸ್ ಒಂದನ್ನೇ ನೋಡಬೇಡಿ, ಅದರ ಹಿಂದಿನ ವರ್ಷಗಳನ್ನು ಓದಿ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿಯ ನಂಬರ್ ಹಾಕಿದರೆ 2005ರಿಂದ ಆದ ಪರೀಕ್ಷೆಗಳೆಲ್ಲ ಬರುತ್ತವೆ. ದುಡ್ಡು ಕೊಡಬೇಕಾಗಿಲ್ಲ. ಯಾವಾಗ ಫೇಲ್ ಆಯಿತು, ಯಾಕೆ, ಆಗ ಎಷ್ಟು ಮೈಲಿ ಓಡಿತ್ತು ಎಲ್ಲ ಅಲ್ಲಿದೆ. ಇಂಥ ಸೌಕರ್ಯ ನಮ್ಮೂರಲ್ಲೂ ಇದ್ದಿದ್ದರೆ ಎಷ್ಟು ಜನರ ದುಡ್ಡು ಉಳಿಯುತ್ತಿತ್ತೋ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಮೊದಲು ಮೈಲಿ ನೋಡಿ. ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಬೇಕು. ಒಂದು ವರ್ಷ ಇಳಿದಿದ್ದರೆ ಮೀಟರ್ ತಿರುಗಿಸಿರಬಹುದು, ಆ ಗಾಡಿಯ ಸಹವಾಸ ಬೇಡ. ಆಮೇಲೆ ಅಡ್ವೈಸರಿಗಳನ್ನು ಓದಿ. 2018ರ ಮೇ ತಿಂಗಳಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸುತ್ತಾರೆ. ಮೊದಲಿನ ಎರಡರಲ್ಲಿ ಯಾವುದಿದ್ದರೂ ಫೇಲ್. ಅಡ್ವೈಸರಿ ಅಂದರೆ ಈಗ ಪಾಸ್, ಆದರೆ ಮೇಲೊಂದು ಕಣ್ಣಿಡಿ ಅಂತ. ಬ್ರೇಕ್ ಪ್ಯಾಡ್ ಸವೆದಿದೆ, ಟೈರ್ ಮುಗಿಯುತ್ತಾ ಬಂತು ಅಂತಿದ್ದರೆ ಹೆದರಬೇಕಾಗಿಲ್ಲ. ಎಸ್‌ಯುವಿ ಭಾರದ ಗಾಡಿ, ಸಸ್ಪೆನ್ಷನ್‌ನ ರಬ್ಬರ್ ಬುಷ್, ಟೈರ್, ಬ್ರೇಕ್ ಡಿಸ್ಕ್ ಸವೆಯುವುದು ಸಹಜ. ನಾನು ಹೆದರುವುದು ತುಕ್ಕಿಗೆ.

ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪು ಗಾಳಿ ಗಾಡಿಗೆ ಏನು ಮಾಡುತ್ತದೆ ಅಂತ ಗೊತ್ತು. ಬ್ರಿಟನ್‌ನಲ್ಲಿ ಆ ಉಪ್ಪು ಕೆಳಗಿನಿಂದ ಬರುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಮೇಲೆ ಬಣ್ಣ ಫಳಫಳ ಅನ್ನುತ್ತದೆ, ಅಡಿಯಲ್ಲಿ ಸಬ್‌ಫ್ರೇಮ್ (ಸಸ್ಪೆನ್ಷನ್ ಹಿಡಿದಿಡುವ ಲೋಹದ ಚೌಕಟ್ಟು), ಬ್ರೇಕ್ ಪೈಪುಗಳನ್ನು ತುಕ್ಕು ತಿನ್ನುತ್ತಿರುತ್ತದೆ. ಎರಡು ವರ್ಷ ತುಕ್ಕಿನ ಅಡ್ವೈಸರಿ ಬಂದು, ಮೂರನೇ ವರ್ಷ ಸದ್ದಿಲ್ಲದೆ ಮಾಯವಾಗಿದ್ದರೆ ರಿಪೇರಿ ಬಿಲ್ ಕೇಳಿ. ಅಡ್ವೈಸರಿ ಬರೆಯುವುದರಲ್ಲಿ ಒಬ್ಬ ಟೆಸ್ಟರಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಇರುತ್ತದೆ. ಒಬ್ಬ ಬರೆಯಲಿಲ್ಲ ಅಂತ ತುಕ್ಕು ಹೋಗುವುದಿಲ್ಲ, ಅಲ್ವಾ?

ಡೀಸೆಲ್ ಗಾಡಿಯಾದರೆ ಡಿಪಿಎಫ್ ಬಗ್ಗೆ ಕೇಳಲೇಬೇಕು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅದು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ಒಂದೆರಡು ಮೈಲಿ ಓಡಾಟಕ್ಕೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಟೆಸ್ಟ್ ದಿನ ಹೊಗೆ ಸರಿ ಇದ್ದು, ತಿಂಗಳಲ್ಲಿ ಕಟ್ಟಿಕೊಂಡದ್ದನ್ನು ನೋಡಿದ್ದೇನೆ. ಪೇಟೆಯೊಳಗಿನ ಓಡಾಟವೇ ಜಾಸ್ತಿ ಅಂತಾದರೆ ಪೆಟ್ರೋಲ್ ಅಥವಾ ಹೈಬ್ರಿಡ್ ತೆಗೆದುಕೊಳ್ಳಿ. ಲಂಡನ್‌ನಲ್ಲಿರುವವರು ಇದನ್ನೂ ನೋಡಿಕೊಳ್ಳಿ: ಯೂರೋ 6 ಅನ್ನುವ ಹೊಗೆ ಮಾನದಂಡ ಮುಟ್ಟದ ಡೀಸೆಲ್‌ಗೆ ಓಡಿಸಿದ ದಿನಕ್ಕೆ 12.50 ಪೌಂಡ್ ಯುಲೆಜ್ ಶುಲ್ಕ, ಅಂದರೆ ಹೊಗೆ ಜಾಸ್ತಿ ಬಿಡುವ ಗಾಡಿಗಳಿಗೆ ಲಂಡನ್ ಹಾಕುವ ಶುಲ್ಕ.

ನಿಮ್ಮದೇ ಗಾಡಿಯ ಎಂಒಟಿ ಮಾಡಿಸುವಾಗ, ಊರಿನ ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ನಡೆಸುವ ಟೆಸ್ಟ್ ಸೆಂಟರ್ ಹತ್ತಿರ ಇದೆಯಾ ನೋಡಿ. ಅಲ್ಲಿ ರಿಪೇರಿ ಮಾಡುವುದಿಲ್ಲ, ಹಾಗಾಗಿ ಸುಮ್ನೆ ಫೇಲ್ ಮಾಡಿ ಲಾಭವಿಲ್ಲ. ಕಾರಿಗೆ ಹೆಚ್ಚೆಂದರೆ 54.85 ಪೌಂಡ್. ಪಾಸ್ ಆಗಬಾರದ ಗಾಡಿ ಪಾಸ್ ಆಗಿದೆ ಅನಿಸಿದರೆ ಎಂಒಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಸ್‌ಎಗೆ ದೂರು ಕೊಡಬಹುದು. ತುಕ್ಕಿನ ವಿಷಯಕ್ಕೆ ಟೆಸ್ಟ್ ಆಗಿ 3 ತಿಂಗಳು, ಉಳಿದದ್ದಕ್ಕೆ 28 ದಿನ. ಅಷ್ಟರೊಳಗೆ ಗಾಡಿ ರಿಪೇರಿ ಮಾಡಿಸಬೇಡಿ.

ನಾನು ತಪ್ಪಿದ್ದು ಇನ್ನೊಂದು ಕಡೆ. ಡೀಲರ್ ಹತ್ತಿರ ಕೊಂಡಿದ್ದರೆ 2015ರ ಗ್ರಾಹಕ ಹಕ್ಕು ಕಾಯ್ದೆ ನಿಮ್ಮ ಪರ ಇದೆ. ದೋಷ ಇದ್ದರೆ 30 ದಿನದೊಳಗೆ ಗಾಡಿ ವಾಪಸ್ ಕೊಡಬಹುದು. ಆಮೇಲೆಯೂ 6 ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತು ಅಂತಲೇ ಲೆಕ್ಕ. ಅಲ್ಲ ಅಂತ ಸಾಬೀತು ಮಾಡಬೇಕಾದವನು ಡೀಲರ್. ಆದರೆ ರಿಪೇರಿಗೆ ಅವನಿಗೊಂದು ಅವಕಾಶ ಕೊಡಬೇಕು. ನಾನು ಗಡಿಬಿಡಿಯಲ್ಲಿ ಬೇರೆ ಗ್ಯಾರೇಜಿನಲ್ಲಿ ಕ್ಲಚ್ ಹಾಕಿಸಿ ಬಿಲ್ ಕಟ್ಟಿದೆ. ಕೇಳುವ ದಾರಿ ನಾನೇ ಮುಚ್ಚಿಕೊಂಡೆ. ಖಾಸಗಿಯವರಿಂದ ಕೊಂಡರೆ ಈ ರಕ್ಷಣೆ ಇಲ್ಲ. ಆಗ ಎಎ, ಆರ್‌ಎಸಿಯಂಥ ವಾಹನ ಸೇವಾ ಸಂಸ್ಥೆಗಳಿಗೆ ದುಡ್ಡು ಕೊಟ್ಟು ಗಾಡಿ ಪರೀಕ್ಷೆ ಮಾಡಿಸಿ. ಬದಿಯಡ್ಕದ ಮೆಕ್ಯಾನಿಕ್‌ನ ಜಾಗ ತುಂಬುವವರು ಅಲ್ಲಿ ಅವರೇ.

ಅಣ್ಣನ ಮಗಳು ನಂಬರ್ ಕಳಿಸಿದಳು. ಜಗಲಿಯಲ್ಲಿ ಕೂತು ಫೋನಿನಲ್ಲೇ ಓದಿದೆವು. ಹಿಂದಿನ ಸಬ್‌ಫ್ರೇಮ್‌ನಲ್ಲಿ ತುಕ್ಕು ಅಂತ ಎರಡು ವರ್ಷ ಬರೆದಿದ್ದರು, ಈ ವರ್ಷ ಆ ಸುದ್ದಿಯೇ ಇಲ್ಲ. ಬಿಲ್ ಕೇಳಿದಳು, ಡೀಲರ್ ಹತ್ತಿರ ಇರಲಿಲ್ಲ. ಬಿಟ್ಟಳು. ನಿನ್ನೆ ಇನ್ನೊಂದು ನಂಬರ್ ಕಳಿಸಿದ್ದಾಳೆ. ಮೈಲಿ ಸರಿಯಾಗಿ ಏರಿದೆ, ಒಮ್ಮೆ ಟೈರಿಗೆ ಮಾತ್ರ ಫೇಲ್ ಆಗಿದೆ, ತುಕ್ಕಿನ ಮಾತು ಎಲ್ಲೂ ಇಲ್ಲ. ಶನಿವಾರ ಗಾಡಿಯನ್ನು ಲಿಫ್ಟಿಗೆ ಏರಿಸಿ ಅಡಿ ತೋರಿಸಿ ಅಂದಿದ್ದಾಳೆ. ಅವರೂ ಒಪ್ಪಿದ್ದಾರಂತೆ.