ಮೊದಲು ನಕಲು, ಆಮೇಲೆ ಹುಡುಕಾಟ

ಕೆಟ್ಟ ಹಾರ್ಡ್ ಡಿಸ್ಕ್ ಯಾರೇ ತಂದುಕೊಟ್ಟರೂ ನಾನು ಮೊದಲು ಅದರ ಸದ್ದು ಕೇಳುತ್ತೇನೆ. ಒಳಗಿನ ತಟ್ಟೆ ಒಂದೇ ಸಮನೆ ತಿರುಗುತ್ತಿದ್ದರೆ ಕೈಯಲ್ಲಾದದ್ದು ಮಾಡಿ ನೋಡಬಹುದು. ಟಿಕ್ ಟಿಕ್ ಎಂದು ಬಡಿದು ಸುಮ್ಮನಾದರೆ ತಟ್ಟೆಯನ್ನು ಓದುವ ಹೆಡ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಕೂಡಲೇ ಕೇಬಲ್ ಕಿತ್ತುಬಿಡಬೇಕು, ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬ್‌ಗೇ ಕಳಿಸಬೇಕು.

ನನ್ನ ಚಿಕ್ಕಪ್ಪನ 1 ಟಿಬಿ ಡಿಸ್ಕ್ ಬಡಿಯುತ್ತಿರಲಿಲ್ಲ. ಆದರೆ ವಿಂಡೋಸ್‌ನಲ್ಲಿ ಚುಚ್ಚಿದರೆ ಬಹಳ ಹೊತ್ತು ಒದ್ದಾಡಿ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತಿತ್ತು. ಕೊಡಗಿನ ಮಕ್ಕಂದೂರು ಕಡೆಯಿದ್ದ ಅವರ ಮನೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಹೋಯಿತು. ಆ ಮನೆ, ಕಾಫಿ ಒಣಗಿಸುತ್ತಿದ್ದ ಕಣ, ಜಗಲಿಯಲ್ಲಿ ಕೂತ ಅಜ್ಜಿ, ಎಲ್ಲದರ ಫೋಟೋಗಳೂ ಇದ್ದದ್ದು ಅದೊಂದರಲ್ಲೇ. “ಬೇರೆ ಏನೂ ಬೇಡ ಮಗ, ಮನೆ ಫೋಟೋ ಸಿಕ್ಕಿದ್ರೆ ಸಾಕು” ಅಂದಿದ್ದರು.

ಫ್ರೀಜರ್‌ನಲ್ಲಿಟ್ಟು ನೋಡು ಎಂದವರಿದ್ದರು. ಸಾಮಾನ್ಯ ಡಿಸ್ಕ್‌ಗೆ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ನಮ್ಮ ಮಳೆಗಾಲದ ಹವೆಯಲ್ಲಿ ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದರೆ ತಟ್ಟೆಯ ಮೇಲೇ ನೀರು ಕೂರುತ್ತದೆ. ವಿಂಡೋಸ್‌ನ ಡಿಸ್ಕ್ ಪರೀಕ್ಷಿಸುವ ಸಾಧನ ಚೆಕ್‌ಡಿಸ್ಕ್ ಓಡಿಸುವುದೂ ಬೇಡ; ಅದು ಸರಿಪಡಿಸುವ ಹೆಸರಿನಲ್ಲಿ ಸಾಯುತ್ತಿರುವ ಡಿಸ್ಕ್ ಮೇಲೆ ಬರೆಯುತ್ತದೆ. ಇಂಥ ಡಿಸ್ಕ್‌ನ ಉಳಿದ ಆಯಸ್ಸು ಎಷ್ಟೆಂದು ಹೇಳಲು ಬರುವುದಿಲ್ಲ. ಆ ಆಯಸ್ಸನ್ನೆಲ್ಲ ಓದುವುದಕ್ಕೆ ಮಾತ್ರ ಖರ್ಚು ಮಾಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ ನೋಡಿದೆ, ಸಮಸ್ಯೆ ಅಲ್ಲಿರಲಿಲ್ಲ. ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ತೆಗೆದೆ. 197ನೇ ಅಂಶ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ಸಣ್ಣ ತುಂಡುಗಳ) ಲೆಕ್ಕ, ಸೊನ್ನೆ ಇರಬೇಕಾದಲ್ಲಿ ನೂರಾರು ತೋರಿಸುತ್ತಿತ್ತು.

ಇಲ್ಲಿಂದ ಕೆಲಸವೆಲ್ಲ ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್‌ನದು. ಅದು ಫೈಲ್‌ಗಳನ್ನು ನೋಡುವುದಿಲ್ಲ, ಇಡೀ ಡಿಸ್ಕನ್ನು ಸೆಕ್ಟರ್ ಸೆಕ್ಟರಾಗಿ ಇಮೇಜ್ ಫೈಲ್ ಒಂದಕ್ಕೆ ಇಳಿಸುತ್ತದೆ. ಕಲ್ಲು ಸಿಕ್ಕಲ್ಲಿ ಗುದ್ದಲಿ ಮುರಿದುಕೊಳ್ಳದೆ ಸುತ್ತ ಅಗೆಯುವವರ ಹಾಗೆ, ಕೆಟ್ಟ ಜಾಗ ಬಂದರೆ ದಾಟಿಹೋಗಿ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ, ಕೆಟ್ಟ ಜಾಗವನ್ನು ಒಂದೊಂದೇ ಸೆಕ್ಟರಾಗಿ ಕೆದಕುವ ಹಂತವನ್ನು ಬಿಡುವ ಆಯ್ಕೆ ಕೊಟ್ಟೆ. ಇಮೇಜ್ ಇಳಿಸಲು 2 ಟಿಬಿಯ ಹೊಸ ಡಿಸ್ಕ್ ಇಟ್ಟುಕೊಂಡಿದ್ದೆ. ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು; ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ನಿಲ್ಲುವುದಿಲ್ಲ.

ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟು ನಂಬಿ ಕೂರುವಂತಿಲ್ಲ. ಆದರೆ ಈ ಸಾಫ್ಟ್‌ವೇರ್ ಯಾವ ಸೆಕ್ಟರ್ ಬಂತು, ಯಾವುದು ಬಾಕಿ ಎಂಬುದನ್ನು ಮ್ಯಾಪ್‌ಫೈಲ್‌ನಲ್ಲಿ ಆಗಾಗ ಬರೆದಿಡುತ್ತದೆ. ಗಾಳಿಗೆ ಮರ ಬಿದ್ದು ಲೈನ್ ಹೋಗಿ, ಇನ್‌ವರ್ಟರೂ ಖಾಲಿಯಾಗಿ ಎಲ್ಲ ನಿಂತರೂ, ಅದೇ ಆದೇಶ ಮತ್ತೆ ಕೊಟ್ಟರೆ ಬಿಟ್ಟಲ್ಲಿಂದಲೇ ಮುಂದುವರಿಯಿತು. ಮ್ಯಾಪ್‌ಫೈಲನ್ನು ಪೆನ್‌ಡ್ರೈವ್‌ನ ಲೈವ್ ವ್ಯವಸ್ಥೆಯಲ್ಲಿ ಬಿಡದೆ ಹೊಸ ಡಿಸ್ಕ್‌ನಲ್ಲೇ ಇಡಬೇಕು, ಇಲ್ಲದಿದ್ದರೆ ಆಫ್ ಆದಾಗ ಅದೂ ಹೋಗುತ್ತದೆ. ಇನ್ನೊಂದು ಎಚ್ಚರ: ಮರಳಿ ಶುರು ಮಾಡಿದಾಗ ಲಿನಕ್ಸ್ ಕೊಡುವ ಹೆಸರು ಬದಲಾಗಿ, ಎಸ್‌ಡಿಬಿ ಆಗಿದ್ದ ಡಿಸ್ಕ್ ಎಸ್‌ಡಿಸಿ ಆಗಿ ಕಾಣಿಸಿತು. ಮೂಲ ಯಾವುದು, ನಕಲು ಯಾವುದು ಎಂದು ಪ್ರತಿ ಸಲವೂ ಮಾಡೆಲ್, ಸೀರಿಯಲ್ ನಂಬರ್ ನೋಡಿಯೇ ಎಂಟರ್ ಒತ್ತಬೇಕು. ಅದಲು ಬದಲಾದರೆ ಎಲ್ಲ ಮುಗಿಯಿತು.

ಓದು ನಿಧಾನವಾದಾಗ ನಿಲ್ಲಿಸಿ, ಡಿಸ್ಕ್ ತಣ್ಣಗಾದ ಮೇಲೆ ಕೊನೆಯಿಂದ ಮೊದಲಿನ ಕಡೆಗೆ ಓದಿಸಿದೆ. ಇನ್ನೂ ಒಂದಷ್ಟು ಬಂತು. ಕೆದಕುವುದನ್ನು ಕೊನೆಗೆ ಮಾಡಿಸಿದೆ.

ಆಮೇಲಿನ ಹುಡುಕಾಟವೆಲ್ಲ ಇಮೇಜ್ ಮೇಲೆ. ಪಾರ್ಟಿಷನ್‌ನ (ಡಿಸ್ಕ್‌ನಲ್ಲಿ ಫೈಲ್‌ಗಳಿರುವ ಭಾಗದ) ಶುರುವಿನಲ್ಲಿದ್ದು ಅದರ ವಿನ್ಯಾಸ ಹೇಳುವ ಬೂಟ್ ಸೆಕ್ಟರ್ ಕೆಟ್ಟಿತ್ತು. ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಯಾದ ಎನ್‌ಟಿಎಫ್‌ಎಸ್ ಅದರದೊಂದು ಪ್ರತಿಯನ್ನು ಪಾರ್ಟಿಷನ್‌ನ ತುದಿಯಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಸಾಫ್ಟ್‌ವೇರ್ ಅದನ್ನು ಹಿಡಿದು ಫೋಲ್ಡರ್‌ಗಳ ಪಟ್ಟಿ ತೋರಿಸಿತು, ‘ಹಳೆ ಮನೆ’ ಎಂಬುದೂ ಅದರಲ್ಲಿತ್ತು. ಹೆಸರು, ತಾರೀಕು ಸಮೇತ ಫೈಲ್‌ಗಳು ಹೊರಗೆ ಬಂದವು. ಅದು ತಲುಪದ ಕಡೆ, ಫೈಲ್‌ಗಳನ್ನು ಅವುಗಳ ಒಳಗಿನ ಗುರುತಿನಿಂದ ಹುಡುಕುವ ಫೋಟೋರೆಕ್ ಓಡಿಸಿದೆ. ಅದು ಹೆಸರು ಉಳಿಸುವುದಿಲ್ಲ. ಫೋಟೋದೊಳಗೆ ಕ್ಯಾಮೆರಾ ಬರೆದ ದಿನಾಂಕ ನೋಡಿ ಚಿಕ್ಕಮ್ಮನ ಜೊತೆ ಕೂತು ವಿಂಗಡಿಸಿದೆ. ಕೆಲವು ಚಿತ್ರಗಳ ಕೆಳಭಾಗ ಬೂದು ಬಣ್ಣ, ಮದುವೆಯ ವಿಡಿಯೋ ಒಂದು ಅರ್ಧಕ್ಕೇ ನಿಲ್ಲುತ್ತದೆ. ಅಜ್ಜಿಯ ಫೋಟೋಗಳು ಪೂರ್ತಿ ಸಿಕ್ಕಿವೆ.

ಈಗ ಒಂದು ಪ್ರತಿ ಚಿಕ್ಕಪ್ಪನ ಹತ್ತಿರ, ಇನ್ನೊಂದು ಮೈಸೂರಿನಲ್ಲಿ ಅವರ ಮಗಳ ಮನೆಯಲ್ಲಿ. ಹಳೆ ಡಿಸ್ಕನ್ನು ಮ್ಯಾಪ್‌ಫೈಲ್ ಜೊತೆಗೇ ಎತ್ತಿಟ್ಟಿದ್ದೇನೆ. ಆ ವಿಡಿಯೋ ಬೇಕೇ ಬೇಕು ಎಂದರೆ ಲ್ಯಾಬ್‌ನವರು ಬಾಕಿ ಸೆಕ್ಟರ್‌ಗಳನ್ನಷ್ಟೇ ಪ್ರಯತ್ನಿಸಬಹುದು.