ಒಂದೇ ಟಚ್ ಪರದೆ, ಎರಡು ಬೋರ್ಡು

ಹಳೆಯ ಬೋರ್ಡಿನಲ್ಲಿ ಟಚ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದೇ ಪರದೆಯನ್ನು ಬಿಚ್ಚಿ ಹೊಸ ಬೋರ್ಡಿಗೆ ಹಾಕಿದೆ. ಚಿತ್ರ ಬಂತು, ಬೆರಳಿಟ್ಟರೆ ಮಾತ್ರ ಏನೂ ಆಗಲಿಲ್ಲ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದೇ, ಟಚ್ ನಡೆಸುವ ಡ್ರೈವರ್ ಅದೇ, ಪರದೆಯೂ ಅದೇ. ಹಾಗಾದರೆ ಬೋರ್ಡಿನಲ್ಲಿ ಏನೇನು ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸಲು ನಾನು ಬರೆದ ಡಿವೈಸ್ ಟ್ರೀಯಲ್ಲೇ ಏನೋ ಕೊರತೆ ಇರಬೇಕು ಅನ್ನಿಸಿತು.

ಯುಎಸ್‌ಬಿ ಮೌಸ್ ಚುಚ್ಚಿದರೆ ತಾನು ಯಾರು ಅಂತ ಅದೇ ಹೇಳಿಕೊಳ್ಳುತ್ತದೆ. ಐ2ಸಿ ಬಸ್ಸಿನ (ಎರಡು ತಂತಿಗಳಲ್ಲಿ ಹಲವು ಚಿಪ್‌ಗಳು ಮಾತಾಡುವ ದಾರಿ) ಮೇಲಿರುವ ಚಿಪ್‌ಗೆ ಆ ಗುಣ ಇಲ್ಲ. ಯಾವ ಬಸ್ಸು, ಯಾವ ವಿಳಾಸ, ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸೂಚನೆ) ಯಾವ ಪಿನ್ನಿಗೆ ಬರುತ್ತದೆ, ಎಲ್ಲವನ್ನೂ ನಾವೇ ಕರ್ನಲ್‌ಗೆ ಹೇಳಬೇಕು. ಹಿಂದೆ ಆರ್ಮ್ ಪ್ರೊಸೆಸರ್‌ನ ಬೋರ್ಡುಗಳಿಗೆ ಇದನ್ನು ಸಿ ಫೈಲ್‌ಗಳಲ್ಲೇ ಬರೆಯುತ್ತಿದ್ದರು. ಆ ಫೈಲ್‌ಗಳು ರಾಶಿ ಬಿದ್ದು, 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಎಲ್ಲರೆದುರೇ ಸಿಟ್ಟಾದರು. ಆಮೇಲೆ ಆರ್ಮ್ ಕೂಡ ಡಿವೈಸ್ ಟ್ರೀ ದಾರಿ ಹಿಡಿಯಿತು. ಈಗ ಬೋರ್ಡಿನ ವಿವರ ಬೇರೆ ಫೈಲ್‌ನಲ್ಲಿರುತ್ತದೆ. ಡಿಟಿಸಿ ಎಂಬ ಕಂಪೈಲರ್ ಅದನ್ನು ಡಿಟಿಬಿ ಎಂಬ ಬೈನರಿ ಫೈಲ್ ಮಾಡುತ್ತದೆ, ಕರ್ನಲ್‌ಗೂ ಮೊದಲು ಓಡುವ ಬೂಟ್‌ಲೋಡರ್ ಅದನ್ನು ಕರ್ನಲ್ ಕೈಗೆ ಕೊಡುತ್ತದೆ.

ಪರದೆಯಲ್ಲಿದ್ದದ್ದು ಗುಡಿಕ್ಸ್ ಜಿಟಿ911 ಚಿಪ್. ಅದರ ಡೇಟಾಶೀಟ್ ವಿಳಾಸವನ್ನು ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆ, ಮುಂದಿನ ವಿಳಾಸಗಳೂ ಹೀಗೇ) ಬಿಎ ಮತ್ತು ಬಿಬಿ ಎಂದು ಕೊಡುತ್ತದೆ. ಬರೆಯಲು ಒಂದು, ಓದಲು ಒಂದು. ಮೊದಲ ಬೋರ್ಡಿನ ಸಮಯದಲ್ಲಿ ನಾನು ಬಿಎ ಅಂತಲೇ ಹಾಕಿದ್ದೆ. ಇದು 7 ಬಿಟ್‌ನ ವಿಳಾಸವೇ ಅಲ್ಲ ಎಂದು ಕರ್ನಲ್ ಬೈದಿತ್ತು. ಕೊನೆಯ ಬಿಟ್ ಓದು-ಬರಹದ ಗುರುತು, ಅದನ್ನು ತೆಗೆದರೆ ಉಳಿಯುವುದು 5ಡಿ. ಅದನ್ನು ಬರೆದ ಮೇಲೆ ಟಚ್ ಬಂದಿತ್ತು.

ಹೊಸ ಬೋರ್ಡಿನಲ್ಲಿ, ಬಸ್ಸಿನ ಯಾವ ವಿಳಾಸದಲ್ಲಿ ಚಿಪ್ ಇದೆ ಎಂದು ತೋರಿಸುವ ಐ2ಸಿ ಡಿಟೆಕ್ಟ್ ಓಡಿಸಿದೆ. 5ಡಿ ಜಾಗ ಖಾಲಿ. 14ರಲ್ಲಿ ಯಾರೋ ಕೂತಿದ್ದಾರೆ! ಡೇಟಾಶೀಟನ್ನು ಮತ್ತೆ ನಿಧಾನವಾಗಿ ಓದಿದೆ. ಈ ಚಿಪ್‌ಗೆ ಎರಡು ವಿಳಾಸ ಉಂಟು. ರೀಸೆಟ್‌ನಿಂದ ಹೊರಬರುವಾಗ ಇಂಟರಪ್ಟ್ ಪಿನ್ನಿನ ವೋಲ್ಟೇಜ್ ಕೆಳಗಿದ್ದರೆ 5ಡಿ, ಮೇಲಿದ್ದರೆ 14. ಸ್ಕೀಮ್ಯಾಟಿಕ್ (ಬೋರ್ಡಿನ ಸರ್ಕ್ಯೂಟ್ ನಕ್ಷೆ) ತೆರೆದರೆ ಉತ್ತರ ಅಲ್ಲೇ ಇತ್ತು. ಹಳೆಯ ಬೋರ್ಡಿನಲ್ಲಿ ಆ ತಂತಿಯನ್ನು ರೆಸಿಸ್ಟರ್‌ನಿಂದ ಕೆಳಗೆಳೆಯುವ ಪುಲ್‌ಡೌನ್, ಹೊಸದರಲ್ಲಿ ಮೇಲೆಳೆಯುವ ಪುಲ್‌ಅಪ್.

ಸುಮ್ನೆ 14 ಅಂತ ತಿದ್ದಿದರೆ ಆಗುತ್ತಿತ್ತು, ಅಲ್ವಾ? ಜೊತೆಗಿದ್ದವರೂ ಅದನ್ನೇ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ನಾಳೆ ಯಾರೋ ಒಂದು ರೆಸಿಸ್ಟರ್ ಬದಲಿಸಿದರೆ ವಿಳಾಸ ಮತ್ತೆ ತಪ್ಪುತ್ತದೆ. ರೀಸೆಟ್ ತಂತಿ, ಇಂಟರಪ್ಟ್ ತಂತಿ ಎರಡೂ ಪ್ರೊಸೆಸರ್‌ಗೇ ಬಂದಿದ್ದವು, ನಾನು ಆ ವಿಷಯವನ್ನೇ ಕರ್ನಲ್‌ಗೆ ಹೇಳಿರಲಿಲ್ಲ. ಆ ಎರಡು ಜಿಪಿಐಒಗಳನ್ನೂ (ಪ್ರೊಸೆಸರ್ ಮೇಲೆ ಕೆಳಗೆ ಮಾಡಬಲ್ಲ ಪಿನ್ನುಗಳು) ಡಿವೈಸ್ ಟ್ರೀಯಲ್ಲಿ ಕೊಟ್ಟರೆ ಡ್ರೈವರ್ ತಾನೇ ಚಿಪ್ಪನ್ನು ರೀಸೆಟ್ ಮಾಡಿ, ನಾವು ಬರೆದ ವಿಳಾಸಕ್ಕೆ ತರುತ್ತದೆ.

ಹಾಗಾಗಿ ಚಿಪ್ಪಿನ ಹೆಸರು, ವಿಳಾಸ ಇರುವ ಭಾಗವನ್ನು ಎರಡೂ ಬೋರ್ಡಿಗೆ ಸೇರಿದ ಡಿಟಿಎಸ್‌ಐ ಫೈಲ್‌ಗೆ ಹಾಕಿದೆ. ಪಿನ್ ನಂಬರುಗಳು ಬೇರೆ ಬೇರೆ, ಅವು ಆಯಾ ಬೋರ್ಡಿನ ಸ್ವಂತ ಡಿವೈಸ್ ಟ್ರೀ ಫೈಲ್ ಆದ ಡಿಟಿಎಸ್‌ನಲ್ಲೇ ಉಳಿದವು. ಸಿ ಕೋಡಿನಲ್ಲಿ ಒಂದು ಸಾಲೂ ಮುಟ್ಟಲಿಲ್ಲ.

ಬೂಟ್ ಮಾಡಿದೆ. ಆಗಲೂ ಟಚ್ ಇಲ್ಲ! ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ, ಓಡುತ್ತಿರುವ ಬೋರ್ಡಿನಲ್ಲೇ ಪ್ರಾಕ್ (/proc) ಒಳಗಿನ ಡಿವೈಸ್-ಟ್ರೀ ಫೋಲ್ಡರ್ ನೋಡಿದೆ. ರೀಸೆಟ್ ಜಿಪಿಐಒ ಅಲ್ಲಿ ಇರಲೇ ಇಲ್ಲ. ಬೂಟ್‌ಲೋಡರ್ ಇನ್ನೊಂದು ಪಾರ್ಟಿಷನ್‌ನಿಂದ ಹಳೆಯ ಡಿಟಿಬಿಯನ್ನೇ ಎತ್ತಿಕೊಳ್ಳುತ್ತಿತ್ತು. ನೀವು ಈ ಕೆಲಸ ಮಾಡುವುದಾದರೆ ದಯವಿಟ್ಟು ಮೊದಲು ಈ ಫೋಲ್ಡರ್ ನೋಡಿ. ಕರ್ನಲ್‌ಗೆ ನಿಜವಾಗಿ ಏನು ತಲುಪಿದೆ ಎಂದು ತೋರಿಸುವುದು ಅದೇ.

ಸರಿಯಾದ ಫೈಲ್ ಹಾಕಿ ಮತ್ತೆ ಬೂಟ್ ಮಾಡಿದೆ. ಐ2ಸಿ ಡಿಟೆಕ್ಟ್‌ನಲ್ಲಿ 5ಡಿ ಜಾಗದಲ್ಲಿ 'ಯುಯು' ಬಂತು. ಅಂದರೆ ಡ್ರೈವರ್ ಚಿಪ್ಪನ್ನು ಹಿಡಿದುಕೊಂಡಿದೆ. ಇಂಟರಪ್ಟ್ ಪಟ್ಟಿ ತೆರೆದಿಟ್ಟು ಪರದೆಯ ಮೇಲೆ ಬೆರಳಿಟ್ಟೆ. ಟಚ್ ಸಾಲಿನ ಲೆಕ್ಕ ಏರತೊಡಗಿತು.